ಕಾನೂನು 1844ರಲ್ಲೇ ಇತ್ತು, ಹೊಗೆ ಏಕೆ ನಿಲ್ಲಲಿಲ್ಲ? ಮ್ಯಾಂಚೆಸ್ಟರ್ ಸುತ್ತಲಿನ ನಗರಸಭೆಗಳ ಕಥೆ

ಇರ್ವೆಲ್ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದಿ.

ನಾನು ಕೆಲಸಕ್ಕೆಂದು ಮ್ಯಾಂಚೆಸ್ಟರ್‌ಗೆ ಬಂದು ಏಳು ವರ್ಷವಾಯಿತು. ಇಲ್ಲಿನ ಟೌನ್ ಹಾಲ್ ಮುಂದೆ ಹಾದು ಹೋಗುವಾಗಲೆಲ್ಲ ಒಂದು ಸಂಗತಿ ಕಾಡುತ್ತದೆ. ಆ ಕಟ್ಟಡ ಮುಗಿದದ್ದು 1877ರಲ್ಲಿ. ಅದರ ವಿನ್ಯಾಸ ಮಾಡಿದ ಆಲ್ಫ್ರೆಡ್ ವಾಟರ್‌ಹೌಸ್ ಬ್ರಾಡ್‌ಫರ್ಡ್ ಕಡೆಯ ಸ್ಪಿಂಕ್‌ವೆಲ್ ಅನ್ನೋ ಗಟ್ಟಿ ಮರಳುಗಲ್ಲನ್ನೇ ಹುಡುಕಿ ಆರಿಸಿದರು. ಏಕೆಂದರೆ ಊರಿನ ಗಾಳಿಯಲ್ಲಿ ಅಷ್ಟು ಆಸಿಡ್ ಇತ್ತು, ಮೆತ್ತನೆ ಕಲ್ಲಾದರೆ ಬೇಗ ಸವೆದು ಉದುರುತ್ತಿತ್ತು. ಅಂದರೆ ನಗರಸಭೆಗೆ ಎಲ್ಲ ಗೊತ್ತಿತ್ತು. ತನ್ನ ಗೋಡೆಗೆ ಏನಾಗುತ್ತದೆ ಅಂತ ಗೊತ್ತಿದ್ದೇ ಅದಕ್ಕೆ ತಕ್ಕ ಕಲ್ಲು ತರಿಸಿತು. ಅದೇ ಗಾಳಿ ಕುಡಿದು ಬೆಳೆಯುತ್ತಿದ್ದ ಮಕ್ಕಳ ಎದೆಗೂಡಿಗೆ ಅಂಥ ಕಲ್ಲು ಎಲ್ಲಿಂದ ತರುವುದು?

ಕಾನೂನು ಇರಲಿಲ್ಲ ಅಂತ ನಾನು ಮೊದಲು ಅಂದುಕೊಂಡಿದ್ದೆ. ಹಾಗಿಲ್ಲ. ಮ್ಯಾಂಚೆಸ್ಟರ್‌ಗೆ ಚುನಾಯಿತ ನಗರಸಭೆ ಬಂದದ್ದು 1838ರಲ್ಲಿ. 1842ರಲ್ಲಿ ಹೊಗೆ ತಡೆಯೋದಕ್ಕೆ ಅಂತಲೇ ಇಲ್ಲಿ ಒಂದು ಸಂಘ ಹುಟ್ಟಿತು. 1844ರ ಮ್ಯಾಂಚೆಸ್ಟರ್ ಪೊಲೀಸ್ ಕಾಯ್ದೆಯಲ್ಲಿ, ಕಾರ್ಖಾನೆಯ ಕುಲುಮೆಗಳು ತಮ್ಮ ಹೊಗೆಯನ್ನು ತಾವೇ ಸುಟ್ಟುಕೊಳ್ಳುವಂತೆ ಇರಬೇಕು ಅಂತ ಕಲಮು ಸೇರಿಸಿದರು. 1847ರಲ್ಲಿ ಪಾರ್ಲಿಮೆಂಟು ಅಂಥದ್ದೇ ಕಲಮನ್ನು ಬೇರೆ ಊರುಗಳೂ ಬಳಸಿಕೊಳ್ಳುವ ಹಾಗೆ ಸಿದ್ಧ ಮಾಡಿಕೊಟ್ಟಿತು. ಆದರೂ 1877ರಲ್ಲಿ ಟೌನ್ ಹಾಲ್‌ಗೆ ಆಸಿಡ್ ತಡೆಯುವ ಕಲ್ಲು ಬೇಕಾಯಿತು. ನಡುವಿನ 33 ವರ್ಷ ಏನಾಯಿತು?

ಓದುತ್ತಾ ಓದುತ್ತಾ ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಕಾನೂನನ್ನು ಜಾರಿ ಮಾಡಬೇಕಾದವರು ಮತ್ತು ಚಿಮಣಿಯ ಯಜಮಾನರು ಒಂದೇ ಮೇಜಿನ ಸುತ್ತ ಕೂತಿದ್ದರು. ಸೇಂಟ್ ಹೆಲೆನ್ಸ್ ಊರನ್ನು ನೋಡಿ. ಸೋಡಾ ಕಾರ್ಖಾನೆಗಳ ಆಸಿಡ್ ಹೊಗೆಯಲ್ಲಿ ಮುಳುಗಿದ್ದ ಊರು. 1868ರಲ್ಲಿ ಅಲ್ಲಿ ನಗರಸಭೆ ಬಂತು. ಮೊದಲ ಮೇಯರ್ ಯಾರು? ಡೇವಿಡ್ ಗ್ಯಾಂಬಲ್, ಸೋಡಾ ಕಾರ್ಖಾನೆಯ ಮಾಲೀಕ. ಆತ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ, ಊರಿಗೆ ಲೈಬ್ರರಿ ಕಟ್ಟಡ ಕೊಟ್ಟವನೂ ಅವನೇ. ಆದರೆ ತನ್ನ ಚಿಮಣಿಯ ಮೇಲೆ ತಾನೇ ದಂಡ ಹಾಕಿಕೊಳ್ಳಬೇಕಾದ ಜಾಗದಲ್ಲಿ ಅವನನ್ನು ಕೂರಿಸಿದ್ದರು.

ಬ್ರಾಡ್‌ಫರ್ಡ್‌ನದು ಇನ್ನೂ ಬೇಸರದ ಕಥೆ. ಟೈಟಸ್ ಸಾಲ್ಟ್ ದೊಡ್ಡ ಉಣ್ಣೆ ಮಿಲ್ಲುಗಳ ಮಾಲೀಕ, 1848ರಲ್ಲಿ ಮೇಯರ್ ಆದವರು. ತಮ್ಮ ಮಿಲ್ಲುಗಳಲ್ಲಿ ಹೊಗೆ ಸುಡುವ ಉಪಕರಣ ಹಾಕಿಸಿ, ಅದು ಕೆಲಸ ಮಾಡುತ್ತದೆ ಅಂತ ತೋರಿಸಿ, ಉಳಿದ ಮಾಲೀಕರೂ ಹಾಕಿಸಲಿ ಅಂತ ಒತ್ತಾಯಿಸಿದರು. ಯಾರೂ ಕೇಳಲಿಲ್ಲ. ಕೊನೆಗೆ ಊರು ಬಿಟ್ಟು ಹೊರಗೆ ಹೋಗಿ 1853ರಲ್ಲಿ ಸಾಲ್ಟೇರ್‌ನಲ್ಲಿ ಹೊಸ ಮಿಲ್ಲು ತೆರೆದರು, ಜೊತೆಗೆ ಕೆಲಸಗಾರರಿಗೆ ಒಂದು ಊರನ್ನೇ ಕಟ್ಟಿದರು. ಸ್ವತಃ ಮೇಯರ್, ಊರಿನ ಶ್ರೀಮಂತ, ಅವರಿಂದಲೇ ಆಗಲಿಲ್ಲ.

ಈ ಬಗ್ಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ. ಸೋಡಾ ಕಾರ್ಖಾನೆಯ ಕೆಮಿಸ್ಟ್ರಿ ನನಗೆ ಅರ್ಧಂಬರ್ಧ ಅರ್ಥವಾಗಿದೆ.

ಕೆಮಿಸ್ಟ್ರಿ ಮೇಷ್ಟ್ರು

ಕೆಮಿಸ್ಟ್ರಿ ಭಾಗ ನಾನು ಹೇಳುತ್ತೇನೆ. ಇದು ಗೊತ್ತಾಗದೆ ಉಳಿದ ಕಥೆ ಅರ್ಥವಾಗುವುದಿಲ್ಲ.

ಸಾಬೂನು, ಗಾಜು, ಬಟ್ಟೆ, ಈ ಮೂರಕ್ಕೂ ಸೋಡಾ ಬೇಕು. ನಾವು ಬಟ್ಟೆ ಒಗೆಯುವ ವಾಷಿಂಗ್ ಸೋಡಾದ ಬಳಗವೇ. ಅದನ್ನು ಅಡುಗೆ ಉಪ್ಪಿನಿಂದ ಮಾಡುವ ದಾರಿಯನ್ನು ನಿಕೊಲಾ ಲೆಬ್ಲಾಂಕ್ ಅನ್ನೋ ಫ್ರೆಂಚ್ ವೈದ್ಯ ಕಂಡುಹಿಡಿದು 1791ರಲ್ಲಿ ಪೇಟೆಂಟ್ ಪಡೆದರು. ಮೊದಲು ಉಪ್ಪಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಕಾಯಿಸಬೇಕು. ಆಗ ಬುಸ್ ಅಂತ ಹೈಡ್ರೋಕ್ಲೋರಿಕ್ ಆಸಿಡ್ ಅನಿಲ ಏಳುತ್ತದೆ. ಉಳಿದದ್ದನ್ನು ಕಲ್ಲಿದ್ದಲು, ಸುಣ್ಣದಕಲ್ಲಿನ ಜೊತೆ ಸುಟ್ಟು, ಕರ್ರಗಿನ ಬೂದಿಯನ್ನು ನೀರಲ್ಲಿ ಕರಗಿಸಿ ಸೋಡಾ ತೆಗೆಯಬೇಕು. ಕೊನೆಗೆ ಉಳಿಯುವ ಗಷ್ಟಿಗೆ ಅಲ್ಲಿನ ಜನ ಗ್ಯಾಲಿಗು ಅನ್ನುತ್ತಿದ್ದರು. ಒಂದು ಟನ್ ಸೋಡಾಕ್ಕೆ ಒಂದೂವರೆಯಿಂದ ಎರಡು ಟನ್ ಗ್ಯಾಲಿಗು! ಅದರಲ್ಲಿ ಗಂಧಕ ತುಂಬಿರುತ್ತದೆ. ಮಳೆ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ.

ಶುರುವಿನಲ್ಲಿ ಮಾಲೀಕರು ಆಸಿಡ್ ಅನಿಲವನ್ನು ಸುಮ್ನೆ ಚಿಮಣಿಗೆ ಬಿಟ್ಟರು. ಅಕ್ಕಪಕ್ಕದವರು ಕೂಗಾಡಿದರೆ ಚಿಮಣಿ ಎತ್ತರಿಸುತ್ತಿದ್ದರು. ಗ್ಲಾಸ್ಗೋದ ಸೇಂಟ್ ರೋಲಕ್ಸ್ ಕಾರ್ಖಾನೆಯಲ್ಲಿ 1842ರಲ್ಲಿ ಕಟ್ಟಿದ ಚಿಮಣಿ 435 ಅಡಿ. ನಮ್ಮ ಬಿಜಾಪುರದ ಗೋಲಗುಮ್ಮಟದ ಎರಡೂವರೆ ಪಟ್ಟು ಎತ್ತರ ಅಂದುಕೊಳ್ಳಿ. ಪ್ರಯೋಜನ ಏನಾಯಿತು? ಆ ಅನಿಲ ತೇವದ ಗಾಳಿ ಸಿಕ್ಕಿದ ಕೂಡಲೇ ಆಸಿಡ್ ಮಂಜಾಗಿ ಕೆಳಗಿಳಿಯುತ್ತದೆ. ಮೊದಲು ಪಕ್ಕದ ಬೀದಿಯ ಮೇಲೆ ಇಳಿಯುತ್ತಿತ್ತು, ಈಗ ಮೈಲಿಗಟ್ಟಲೆ ದೂರದ ಹೊಲದ ಮೇಲೆ ಇಳಿಯಿತು. ಹೆಬ್ಬೇಲಿಗಳು ಸುಟ್ಟವು, ಮರಗಳು ಬೋಳಾದವು.

ಇದಕ್ಕೆ ಪರಿಹಾರ 1836ರಲ್ಲೇ ಸಿಕ್ಕಿತ್ತು ಅನ್ನೋದು ನನಗೆ ತುಂಬ ನೋವಿನ ಸಂಗತಿ. ವಿಲಿಯಂ ಗಾಸೇಜ್ ಒಂದು ಪಾಳುಬಿದ್ದ ಗಾಳಿಗಿರಣಿಯೊಳಗೆ ಪೊದೆ, ಕಡ್ಡಿ ತುಂಬಿಸಿ, ಮೇಲಿನಿಂದ ನೀರು ಬಿಟ್ಟು, ಕೆಳಗಿನಿಂದ ಅನಿಲ ಹಾಯಿಸಿದರು. ಅನಿಲ ನೀರಲ್ಲಿ ಕರಗಿಬಿಟ್ಟಿತು. ಅಷ್ಟೇ! ಹತ್ತನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗುವ ಉಪಾಯ. ಇಷ್ಟಾದರೂ ಎಲ್ಲರೂ ಸರಿಯಾಗಿ ಹಾಕಿಸಲಿಲ್ಲ. ಹಾಕಿಸಿದ ಕೆಲವರು ಆಸಿಡ್ ನೀರನ್ನು ಪಕ್ಕದ ಹಳ್ಳಕ್ಕೆ ಬಿಟ್ಟರು. ಆ ಹಳ್ಳದ ದಂಡೆಯಲ್ಲೇ ಗ್ಯಾಲಿಗು ಗುಡ್ಡೆ. ಆಸಿಡ್ ಅದಕ್ಕೆ ತಾಗಿದರೆ ಹೈಡ್ರೋಜನ್ ಸಲ್ಫೈಡ್, ವಿಷದ ಗಾಳಿ. ಸೇಂಟ್ ಹೆಲೆನ್ಸ್‌ನ ಸ್ಯಾಂಕಿ ಹಳ್ಳದಲ್ಲಿ ಇದೇ ಆಗುತ್ತಿತ್ತು.

ಕೆಜಿಎಫ್ ಮಗಳು

ಮೇಷ್ಟ್ರೇ, ಗ್ಯಾಲಿಗು ಗುಡ್ಡೆ ಅಂದ ಕೂಡಲೇ ನನ್ನ ಕಣ್ಣಿಗೆ ನಮ್ಮೂರಿನ ಸೈನೈಡ್ ಗುಡ್ಡಗಳು ಬಂದವು. ಕೋಲಾರ ಚಿನ್ನದ ಗಣಿ 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿತ್ತು. ಸೈನೈಡಿನಿಂದ ಚಿನ್ನ ತೆಗೆಯುವ ವಿಧಾನಕ್ಕೆ 1887ರಲ್ಲಿ ಪೇಟೆಂಟ್ ಆದದ್ದು ಗ್ಲಾಸ್ಗೋದಲ್ಲಿ, ಅದೇ ದೊಡ್ಡ ಚಿಮಣಿಯ ಊರಲ್ಲಿ. 2001ರಲ್ಲಿ ಗಣಿ ಮುಚ್ಚಿತು, ಗುಡ್ಡಗಳು ಹಾಗೇ ಇವೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಅಜ್ಜಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದರು. ಒಗೆದು ಹಾಕಿದ ಸೀರೆ ಸಂಜೆಗೆ ಬೂದು ಬಣ್ಣ.

ಅಲ್ಲಿನ ಕೆಲಸಗಾರರ ಬಗ್ಗೆ ಯಾರಾದರೂ ಹೇಳ್ತೀರಾ? ಇಲ್ಲಿಯವರೆಗೆ ಗೋಡೆ, ಮರ, ಹೊಲದ ಮಾತೇ ಜಾಸ್ತಿ ಬಂದಿದೆ.

ಇರ್ವೆಲ್ ದಂಡೆ

ಅಕ್ಕಾ, ನೀವು ಕೇಳಿದ್ದು ಸರಿ. ಆಸಿಡ್ ಹೊಗೆಯ ಹತ್ತಿರ ನಿಂತು ಕೆಲಸ ಮಾಡುವವರ ಹಲ್ಲುಗಳು ಕರಗಿ ಹೋಗುತ್ತಿದ್ದವು. ಬ್ಲೀಚಿಂಗ್ ಪೌಡರ್ ತುಂಬುವವರು ಕ್ಲೋರಿನ್‌ನಿಂದ ಉಳಿಯಲು ಉಣ್ಣೆ ಬಟ್ಟೆಯನ್ನು ಮಡಿಕೆ ಮೇಲೆ ಮಡಿಕೆ ಮಾಡಿ ಬಾಯಿಗೆ ಬಿಗಿದುಕೊಂಡು ಒಳಗೆ ಹೋಗುತ್ತಿದ್ದರು. ಉಸಿರನ್ನು ಬಾಯಿಂದ ಒಳಗೆಳೆದು ಮೂಗಿಂದ ಬಿಡಬೇಕು, ಅದನ್ನೇ ಕಲಿಯಬೇಕಿತ್ತು.

ಇನ್ನು ಒಟ್ಟು ಊರಿನ ಲೆಕ್ಕ. 1842ರಲ್ಲಿ ಎಡ್ವಿನ್ ಚಾಡ್ವಿಕ್ ಕೊಟ್ಟ ವರದಿಯ ಪ್ರಕಾರ ಮ್ಯಾಂಚೆಸ್ಟರ್‌ನ ಕೂಲಿ ಕುಟುಂಬಗಳಲ್ಲಿ ಸಾಯುವವರ ಸರಾಸರಿ ವಯಸ್ಸು 17. ರಟ್‌ಲ್ಯಾಂಡ್ ಅನ್ನೋ ಹಳ್ಳಿಗಾಡಿನ ಜಿಲ್ಲೆಯ ಕೂಲಿಗಳಲ್ಲಿ ಅದು 38. ಮ್ಯಾಂಚೆಸ್ಟರ್‌ನ ಶ್ರೀಮಂತರದ್ದೂ 38ರ ಲೆಕ್ಕವೇ. ಸರಾಸರಿ 17 ಅಂದರೆ ಎಲ್ಲರೂ 17ಕ್ಕೆ ಸತ್ತರು ಅಂತಲ್ಲ, ತೊಟ್ಟಿಲ ಮಕ್ಕಳು ಅಷ್ಟು ಸಾಯುತ್ತಿದ್ದರು ಅಂತ. ಹೊಗೆಯೊಂದೇ ಕಾರಣ ಅಲ್ಲ, ಕೊಳಚೆ ನೀರು, ಕಿಕ್ಕಿರಿದ ಮನೆ, ಕಾಲರಾ, ಟೈಫಸ್ ಎಲ್ಲ ಸೇರಿತ್ತು.

ದಾವಣಗೆರೆ ಮಿಲ್ ಮನೆ

ಎಲ್ಲ ಓದಿದೆ. ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ 22 ವರ್ಷ ದುಡಿದವರು. ಬೆಳಿಗ್ಗೆ ಸೈರನ್ ಕೂಗಿ ಚಿಮಣಿಯಲ್ಲಿ ಹೊಗೆ ಕಂಡರೆ ನಮ್ಮ ಕೇರಿಗೇ ಸಮಾಧಾನ. ಹೊಗೆ ನಿಂತ ದಿನ ಒಲೆಯೂ ನಿಂತಿತು. ಮಿಲ್ಲು ಮುಚ್ಚಿದ ಮೇಲೆ ಅಪ್ಪ ತರಕಾರಿ ಗಾಡಿ ತಳ್ಳಿದರು. ಹಾಗಾಗಿ ಆ ಕಾಲದ ನಗರಸಭೆಯವರೆಲ್ಲ ಕಳ್ಳರು, ಮಾಲೀಕರೆಲ್ಲ ರಾಕ್ಷಸರು ಅಂತ ಇವತ್ತು ಕೂತು ಬರೆಯುವುದು ಸುಲಭ. ಕಾರ್ಖಾನೆ ಮುಚ್ಚಿಸಿದ್ದರೆ ಆ 17 ವರ್ಷದ ಲೆಕ್ಕ ಇನ್ನೂ ಕೆಳಗೆ ಹೋಗುತ್ತಿರಲಿಲ್ಲವಾ?

ಇರ್ವೆಲ್ ದಂಡೆ

ಅಣ್ಣಾ, ಬೇಜಾರು ಯಾಕೆ? ಅಪ್ಪನ ಮಾತು ಓದಿ ಮನಸ್ಸು ಭಾರವಾಯಿತು. ನೀವು ಹೇಳಿದ್ದು ಆಗಿನ ಕೆಲಸಗಾರರಿಗೂ ಅನಿಸುತ್ತಿತ್ತು. ಹೊಗೆಯಿಲ್ಲದ ಚಿಮಣಿ ಅಂದರೆ ಅವರಿಗೂ ಹಸಿವು.

ಆದರೆ ಮುಚ್ಚುವುದು ಅಥವಾ ಹೊಗೆ ಕುಡಿಯುವುದು, ಇವೆರಡೇ ದಾರಿ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಬಾಯ್ಲರ್ ಹೊಗೆ ಅಂದರೆ ಸರಿಯಾಗಿ ಉರಿಯದ ಕಲ್ಲಿದ್ದಲು. ಒಂದೇ ಸಲ ಸಲಿಕೆಗಟ್ಟಲೆ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ ಹಾಕಿ, ಬೆಂಕಿಯ ಮೇಲಿನಿಂದಲೂ ಗಾಳಿ ಬಿಟ್ಟರೆ ಹೊಗೆ ಬಹಳ ಕಡಿಮೆಯಾಗುತ್ತದೆ, ಕಲ್ಲಿದ್ದಲೂ ಉಳಿಯುತ್ತದೆ. ನಮ್ಮಮ್ಮ ಸೌದೆ ಒಲೆಯಲ್ಲಿ ಮಾಡುತ್ತಿದ್ದುದೂ ಅದೇ ಅಲ್ವಾ? ಹಸಿ ಸೌದೆ ತುರುಕಿದರೆ ಮನೆಯೆಲ್ಲ ಹೊಗೆ. ಹೊಗೆ ಸುಡುವ ಕುಲುಮೆಗಳಿಗೆ 1820ರಿಂದಲೇ ಪೇಟೆಂಟುಗಳಿದ್ದವು. ಹಾಗಿದ್ದೂ ಮಾಡಲಿಲ್ಲ ಏಕೆ? ಲಂಕಾಶೈರ್‌ನಲ್ಲಿ ಕಲ್ಲಿದ್ದಲು ಅಗ್ಗ. ಇರುವ ಬಾಯ್ಲರ್‌ನಿಂದಲೇ ಜಾಸ್ತಿ ಮಗ್ಗ ಓಡಿಸಬೇಕು, ಇನ್ನೊಂದು ಬಾಯ್ಲರ್‌ಗೆ ದುಡ್ಡು ಹಾಕಬಾರದು. ಬೆಂಕಿ ಹಾಕುವವನಿಗೆ ಕಡಿಮೆ ಕೂಲಿ, ಅವನಿಗೆ ಕಲಿಸುವವರು ಯಾರೂ ಇಲ್ಲ. ದಂಡ ಬಿದ್ದರೂ ಅದು ಹೊಸ ಬಾಯ್ಲರ್ ಬೆಲೆಯ ಮುಂದೆ ಏನೂ ಅಲ್ಲ.

ಹುಬ್ಬಳ್ಳಿ ವಕೀಲೆ

ದಂಡದ ಮಾತು ಬಂತಲ್ಲ, ಅದಕ್ಕೇ ಬಂದೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಎಲ್ಲ ನಗರಸಭೆಗಳೂ ಸುಮ್ಮನೆ ಕೂತಿರಲಿಲ್ಲ. ಜೇಮ್ಸ್ ಮಸ್‌ಪ್ರಾಟ್ ಲಿವರ್‌ಪೂಲಿನಲ್ಲಿ 1820ರ ದಶಕದಲ್ಲಿ ಸೋಡಾ ಕಾರ್ಖಾನೆ ಶುರು ಮಾಡಿದ. 1838ರಲ್ಲಿ ಲಿವರ್‌ಪೂಲ್ ನಗರಸಭೆ ಅವನನ್ನು ಕೋರ್ಟಿಗೆಳೆಯಿತು, ಜ್ಯೂರಿ ತಪ್ಪಿತಸ್ಥ ಅಂತ ಹೇಳಿತು. ನಗರಸಭೆ ಗೆದ್ದಿತು! ಆದರೆ ಅಷ್ಟರಲ್ಲಿ ಅವನು ಸೇಂಟ್ ಹೆಲೆನ್ಸ್‌ನಲ್ಲಿ ಪಾಲುದಾರಿಕೆ ಮಾಡಿ, ನ್ಯೂಟನ್‌ನಲ್ಲಿ ಇನ್ನೊಂದು ಕಾರ್ಖಾನೆ ತೆರೆದಾಗಿತ್ತು. ನ್ಯೂಟನ್‌ನಲ್ಲಿ ಜಮೀನ್ದಾರರು ಕೇಸು ಮೇಲೆ ಕೇಸು ಹಾಕಿ 1850ರ ಹೊತ್ತಿಗೆ ಮುಚ್ಚಿಸಿದರು. ಆ ಕುಟುಂಬ ವಿಡ್ನೆಸ್‌ಗೂ ವೇಲ್ಸ್‌ನ ಫ್ಲಿಂಟ್‌ಗೂ ಹೋಯಿತು. ಒಂದು ಊರು ಗೆದ್ದರೆ ಪಕ್ಕದ ಊರಿಗೆ ಹೊಗೆ. ನಗರಸಭೆಯ ಅಧಿಕಾರ ಊರಿನ ಗಡಿಯಲ್ಲಿ ಮುಗಿಯುತ್ತದೆ, ಗಾಳಿಗೆ ಗಡಿಯಿಲ್ಲ. ಮಾಲೀಕರು ಕೌನ್ಸಿಲಿನಲ್ಲಿ ಕೂತದ್ದಷ್ಟೇ ಕಾರಣ ಅಂದರೆ ಈ ಭಾಗ ಬಿಟ್ಟುಹೋಗುತ್ತದೆ.

ಎರಡನೆಯದು, ಓಟು ಯಾರಿಗಿತ್ತು ಅನ್ನೋದನ್ನೂ ನೋಡಿ. ನಗರಸಭೆಗೆ ಓಟು ಹಾಕುತ್ತಿದ್ದವರು ಮನೆ ತೆರಿಗೆ ಕಟ್ಟುವವರು. ಸಣ್ಣ ಅಂಗಡಿಯವರು, ಬಾಡಿಗೆ ಮನೆಗಳ ಮಾಲೀಕರು. ಇನ್ಸ್‌ಪೆಕ್ಟರ್ ಇಟ್ಟರೆ ಸಂಬಳ ಕೊಡಬೇಕು, ಕೇಸು ಹಾಕಿದರೆ ವಕೀಲರಿಗೆ ಕೊಡಬೇಕು, ಎಲ್ಲ ಅವರ ತೆರಿಗೆಯಿಂದ. ತೆರಿಗೆ ಏರಿಸುವ ಕೌನ್ಸಿಲರ್ ಮುಂದಿನ ಸಲ ಸೋಲುತ್ತಿದ್ದ.

ಮೂರನೆಯದು ಕಾನೂನಿನ ಭಾಷೆ. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ "ಕಪ್ಪು ಹೊಗೆ" ಅಂತ ಬರೆದರು. ಕೋರ್ಟಿನಲ್ಲಿ ಮಾಲೀಕರ ವಕೀಲರು ಎದ್ದು ನಿಂತು, ಸ್ವಾಮಿ ಇದು ಕಪ್ಪಲ್ಲ, ಕಡು ಕಂದು ಅಂತ ವಾದಿಸುತ್ತಿದ್ದರು. ಆ "ಕಪ್ಪು" ಅನ್ನೋ ಒಂದು ಪದ ಹೋಗಿದ್ದು 1926ರಲ್ಲಿ. ಮನೆಗಳ ಚಿಮಣಿಗಳಂತೂ ಆ ಕಾಯ್ದೆಯ ಹೊರಗೇ ಇದ್ದವು. ನಾನು ದಿನಾ ಕೋರ್ಟಿನಲ್ಲಿ ಒಂದೊಂದು ಪದಕ್ಕೆ ಬಡಿದಾಡುವವಳು, ಆದರೂ ಒಂದು ಬಣ್ಣದ ಹೆಸರು ಐವತ್ತು ವರ್ಷ ಮಕ್ಕಳನ್ನು ಕೆಮ್ಮಿಸಿತು ಅನ್ನೋದು ಸಹಿಸಲು ಕಷ್ಟ.

ಬೆಳ್ಳಂದೂರು ನಿವಾಸಿ

ಇಲ್ಲಿ ಗಾಳಿಯದ್ದೇ ಮಾತು. ನೀರಿನ ಕಥೆ ಏನು? ಕೇಳುವುದಕ್ಕೆ ಕಾರಣ ನನ್ನ ಹೆಸರೇ ಹೇಳುತ್ತದೆ. ನಮ್ಮ ಕೆರೆಗೆ 2015ರಲ್ಲಿ ಬೆಂಕಿ ಬಿತ್ತು, 2017ರಲ್ಲಿ ಬಿತ್ತು, 2018ರಲ್ಲೂ ಬಿತ್ತು. ನೀರಿಗೆ ಬೆಂಕಿ ಬೀಳುವುದು ಪ್ರಪಂಚದಲ್ಲಿ ನಮ್ಮಲ್ಲೇ ಮೊದಲು ಅಂತ ಆಗ ತುಂಬ ಜನ ಬರೆದರು.

ಇರ್ವೆಲ್ ದಂಡೆ

ಮೊದಲಲ್ಲ. ಬ್ರಾಡ್‌ಫರ್ಡ್ ಕಾಲುವೆ ಓದಿ. ಊರಿನ ಚರಂಡಿ ನೀರು, ಉಣ್ಣೆ ಮಿಲ್ಲುಗಳ ಜಿಡ್ಡು, ಬಣ್ಣದ ನೀರು ಎಲ್ಲ ಬೀಳುತ್ತಿದ್ದ ಹಳ್ಳದಿಂದಲೇ ಆ ಕಾಲುವೆಗೆ ನೀರು. ಬೇಸಿಗೆಯಲ್ಲಿ ನೀರು ಗುಳುಗುಳು ಅಂತ ಅನಿಲ ಉಗುಳುತ್ತಿತ್ತು. ಹುಡುಗರು ಕಡ್ಡಿ ಗೀರಿ ಹಚ್ಚಿದರೆ ನೀರಿನ ಮೇಲೆ ಬೆಂಕಿ ಓಡುತ್ತಿತ್ತು. ಇದೆಲ್ಲ 1860ರ ದಶಕದಲ್ಲಿ ನದಿ ಮಾಲಿನ್ಯದ ರಾಯಲ್ ಕಮಿಷನ್ ಮುಂದೆ ಬಂದ ಸಂಗತಿ. ಕೊನೆಗೆ ಕೋರ್ಟು ತಡೆಯಾಜ್ಞೆ ಕೊಟ್ಟು 1867ರಲ್ಲಿ ಕಾಲುವೆ ಮುಚ್ಚಿತು. ಬೇರೆ ನೀರಿನ ವ್ಯವಸ್ಥೆ ಮಾಡಿಕೊಂಡು ಕೆಲವು ವರ್ಷದ ಮೇಲೆ ಮತ್ತೆ ತೆರೆದರು.

ನೀರಿನ ವಿಷಯದಲ್ಲಿ ನಗರಸಭೆಗಳೇ ದೊಡ್ಡ ತಪ್ಪಿತಸ್ಥರಾಗಿದ್ದವು. ಬರ್ಮಿಂಗ್‌ಹ್ಯಾಮ್ ತನ್ನ ಚರಂಡಿಗಳನ್ನೆಲ್ಲ ಟೇಮ್ ನದಿಗೆ ತಿರುಗಿಸಿತು. ಕೆಳಗಿನ ಜಮೀನ್ದಾರ ಚಾರ್ಲ್ಸ್ ಆಡರ್ಲಿ 1858ರಲ್ಲಿ ಕೋರ್ಟಿಗೆ ಹೋದರು. ನಗರಸಭೆಯ ವಾದ ಏನು ಗೊತ್ತಾ? ಎರಡೂವರೆ ಲಕ್ಷ ಜನರ ಊರು ನಮ್ಮದು, ಒಬ್ಬನ ನದಿಗಾಗಿ ಇಡೀ ಊರು ಕೊಳಚೆಯಲ್ಲಿ ಮುಳುಗಬೇಕಾ ಅಂತ. ಜನ ಎಷ್ಟೇ ಇರಲಿ, ಒಬ್ಬನ ಹಕ್ಕು ಹಕ್ಕೇ ಅಂದಿತು ಕೋರ್ಟು.

ನಮ್ಮ ಮ್ಯಾಂಚೆಸ್ಟರ್‌ನದು ಇನ್ನೊಂದು ರೀತಿ. 1817ರಿಂದಲೇ ಇಲ್ಲಿ ಗ್ಯಾಸ್ ಕಾರ್ಖಾನೆ ಊರಿನ ಆಡಳಿತದ್ದೇ. ಕಲ್ಲಿದ್ದಲು ಬೇಯಿಸಿ ಅನಿಲ ತೆಗೆದು ಬೀದಿ ದೀಪ ಉರಿಸುವುದು, ಲಾಭದಲ್ಲಿ ರಸ್ತೆ ಅಗಲ ಮಾಡುವುದು. ಗ್ಯಾಸ್ ಕಾರ್ಖಾನೆ ಅಂದರೆ ಟಾರು, ಅಮೋನಿಯಾ ನೀರು, ಗಂಧಕದ ವಾಸನೆ. ತಾನೇ ಕಾರ್ಖಾನೆ ನಡೆಸಿ ದುಡ್ಡು ಮಾಡುವ ಸಂಸ್ಥೆ ಪಕ್ಕದ ಚರ್ಮ ಹದ ಮಾಡುವವನಿಗೆ ಯಾವ ಬಾಯಲ್ಲಿ ನೋಟಿಸು ಕೊಡುತ್ತದೆ?

ಆಮೇಲೆ ನೀರು ಕುಡಿಯಲು ಆಗದಷ್ಟು ಕೆಟ್ಟಾಗ ನದಿ ಸರಿ ಮಾಡುವ ಬದಲು ದೂರದಿಂದ ಹೊಸ ನೀರು ತಂದರು. 1848ರಿಂದ ಲಾಂಗ್‌ಡೆಂಡೇಲ್ ಕಣಿವೆಯಲ್ಲಿ ಸಾಲುಸಾಲು ಜಲಾಶಯ ಕಟ್ಟಿದರು, ಜಾನ್ ಬೇಟ್‌ಮನ್ ಅನ್ನೋ ಎಂಜಿನಿಯರ್ ಕೆಲಸ, ನಿಜಕ್ಕೂ ಅದ್ಭುತ. ಅದೂ ಸಾಲದೆ 96 ಮೈಲಿ ದೂರದ ಥರ್ಲ್‌ಮಿಯರ್ ಸರೋವರದಿಂದ 1894ರಲ್ಲಿ ನೀರು ತಂದರು. ಆ ನೀರಿನಿಂದ ಎಷ್ಟು ಜೀವ ಉಳಿಯಿತೋ! ನಾನು ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ನಲ್ಲಿಯಲ್ಲಿ ಒಳ್ಳೆ ನೀರು ಬಂದ ಮೇಲೆ ಇರ್ವೆಲ್ ನದಿ ಯಾರಿಗೂ ಬೇಡವಾಯಿತು. ಬಣ್ಣದ ಮಿಲ್ಲು ಅವತ್ತು ಯಾವ ಬಣ್ಣ ಹಾಕುತ್ತದೋ ನದಿಗೂ ಅದೇ ಬಣ್ಣ.

ಬೆಳ್ಳಂದೂರು ನಿವಾಸಿ

1894 ಅಂತ ಓದಿ ಮೈ ಝುಂ ಅಂತು ಸರ್. ಅದೇ 1894ರಲ್ಲಿ ನಮ್ಮಲ್ಲಿ ಹೆಸರಘಟ್ಟ ಕೆರೆ ಕೆಲಸ. 1896ರಿಂದ ಪೈಪಿನಲ್ಲಿ ಬೆಂಗಳೂರಿಗೆ ನೀರು ಬಂತು. ಅದಕ್ಕೂ ಮುಂಚೆ ಧರ್ಮಾಂಬುಧಿ, ಸಂಪಂಗಿ ಕೆರೆಗಳ ನೀರು ಕುಡಿಯುತ್ತಿದ್ದರು. ಪೈಪು ಬಂದ ಮೇಲೆ ಊರೊಳಗಿನ ಕೆರೆಗಳನ್ನು ಯಾರು ಕೇಳಿದರು? ಒಂದು ಬಸ್ ಸ್ಟ್ಯಾಂಡ್ ಆಯಿತು, ಒಂದು ಸ್ಟೇಡಿಯಂ ಆಯಿತು. ನಂತರ ತಿಪ್ಪಗೊಂಡನಹಳ್ಳಿ, ಆಮೇಲೆ ಕಾವೇರಿ.

ಕೆಮಿಸ್ಟ್ರಿ ಮೇಷ್ಟ್ರು

ಈಗ ಸೋಡಾ ಕಾರ್ಖಾನೆ ಹೇಗೆ ದಾರಿಗೆ ಬಂತು ಅಂತ ಹೇಳಿಬಿಡುತ್ತೇನೆ. ಅದು ನಗರಸಭೆಯಿಂದ ಬರಲಿಲ್ಲ.

1862ರಲ್ಲಿ ಲಾರ್ಡ್ ಡರ್ಬಿ ಅನ್ನೋ ದೊಡ್ಡ ಜಮೀನ್ದಾರರು ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಸಮಿತಿ ಮಾಡಿಸಿದರು. 1863ರಲ್ಲಿ ಆಲ್ಕಲಿ ಕಾಯ್ದೆ ಬಂತು, ಆಲ್ಕಲಿ ಅಂದರೆ ಸೋಡಾದಂಥ ಕ್ಷಾರ. ಅದರಲ್ಲಿ ಎತ್ತರದ ಚಿಮಣಿ, ವಾಸನೆ, ಬಣ್ಣ ಅಂತೆಲ್ಲ ಬರೆಯಲಿಲ್ಲ. ಒಂದೇ ಸಂಖ್ಯೆ ಬರೆದರು. ಏಳುವ ಆಸಿಡ್ ಅನಿಲದಲ್ಲಿ ನೂರಕ್ಕೆ 95 ಭಾಗ ನೀರಲ್ಲಿ ಕರಗಿಸಿ ಹಿಡಿಯಬೇಕು. ಜಾರಿ ಮಾಡುವವರು ಊರಿನವರಲ್ಲ, ಸರ್ಕಾರದ ಇನ್ಸ್‌ಪೆಕ್ಟರ್. ಹಗಲಾಗಲಿ ರಾತ್ರಿಯಾಗಲಿ ಒಳಗೆ ಹೋಗಿ ಪರೀಕ್ಷೆ ಮಾಡಬಹುದು. ಮೊದಲ ತಪ್ಪಿಗೆ 50 ಪೌಂಡ್ ದಂಡ.

ಆ ಇನ್ಸ್‌ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್. ನನಗೆ ಈ ಮನುಷ್ಯನ ಮೇಲೆ ತುಂಬ ಗೌರವ. ಸ್ಕಾಟ್ಲೆಂಡಿನವರು, ಜರ್ಮನಿಯಲ್ಲಿ ಲೀಬಿಗ್ ಅನ್ನೋ ಹೆಸರಾಂತ ಕೆಮಿಸ್ಟ್ ಹತ್ತಿರ ಕಲಿತು ಮ್ಯಾಂಚೆಸ್ಟರ್‌ಗೆ ಬಂದು ನೆಲೆಸಿದವರು. 1852ರಲ್ಲೇ ಊರಿನ ಮಳೆನೀರು ಹಿಡಿದು ಪರೀಕ್ಷೆ ಮಾಡಿ, ಊರಿನ ನಡುವೆ ಬೀಳುವ ಮಳೆಯಲ್ಲಿ ಸಲ್ಫ್ಯೂರಿಕ್ ಆಸಿಡ್ ಇದೆ, ದೂರದ ಹೊಲದಲ್ಲಿ ಇಲ್ಲ ಅಂತ ತೋರಿಸಿದರು. ಆಮ್ಲ ಮಳೆ ಅಂತ ನಾವು ಪಾಠ ಮಾಡುತ್ತೇವಲ್ಲ, ಆ ಮಾತು ಅವರಿಂದ ಬಂದದ್ದು. ಅವರಿಗೆ ಇಡೀ ದೇಶಕ್ಕೆ ನಾಲ್ಕೇ ಸಹಾಯಕರು. ಅವರಲ್ಲಿ ಆಲ್ಫ್ರೆಡ್ ಫ್ಲೆಚರ್ ಅನ್ನುವವರು ಚಿಮಣಿಯೊಳಗೆ ಹೊಗೆ ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆಯುವ ಉಪಕರಣ ಮಾಡಿಕೊಂಡರು. ಕೆಲವೇ ವರ್ಷದಲ್ಲಿ ಬಹುತೇಕ ಕಾರ್ಖಾನೆಗಳು 95ನ್ನು ದಾಟಿದವು. ಮೊದಲು ಐದು ವರ್ಷಕ್ಕೆ ಅಂತ ಮಾಡಿದ್ದ ಕಾಯ್ದೆಯನ್ನು 1868ರಲ್ಲಿ ಕಾಯಂ ಮಾಡಿದರು.

ಹಿಡಿದ ಆಸಿಡ್‌ನಿಂದ ಬ್ಲೀಚಿಂಗ್ ಪೌಡರ್ ಮಾಡುವ ಅಗ್ಗದ ವಿಧಾನಗಳನ್ನು ವಾಲ್ಟರ್ ವೆಲ್ಡನ್, ಹೆನ್ರಿ ಡೀಕನ್ 1860ರ ದಶಕದ ಕೊನೆಗೆ ಕಂಡುಹಿಡಿದರು. ಗಾಳಿಗೆ ಬಿಡುತ್ತಿದ್ದುದೇ ಆಮೇಲೆ ದುಡ್ಡಾಯಿತು. ದಾವಣಗೆರೆ ಅಣ್ಣನವರು ಇದನ್ನು ಗಮನಿಸಬೇಕು, ಕಾಯ್ದೆಯಿಂದ ಸೋಡಾ ಉದ್ಯಮ ಮುಚ್ಚಲಿಲ್ಲ.

ದಾವಣಗೆರೆ ಮಿಲ್ ಮನೆ

ಗಮನಿಸಿದೆ ಮೇಷ್ಟ್ರೇ. ಇದು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ನಾನು ಹೇಳಿದ್ದು ಮುಚ್ಚಿಸುವುದರ ಬಗ್ಗೆ. ಹೀಗೆ ಅಳೆದು ಸರಿ ಮಾಡಿಸುವುದಾದರೆ ನಮ್ಮಪ್ಪನೂ ಬೇಡ ಅನ್ನುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಅವರೂ ಕೆಮ್ಮುತ್ತಿದ್ದರು.

ಹುಬ್ಬಳ್ಳಿ ವಕೀಲೆ

ಮೇಷ್ಟ್ರೇ, ಸ್ಮಿತ್ ಬಗ್ಗೆ ನಿಮ್ಮಷ್ಟು ಖುಷಿ ನನಗಿಲ್ಲ. ಅವರು ಕೇಸು ಹಾಕುವುದಕ್ಕಿಂತ ಮಾಲೀಕರಿಗೆ ತಿಳಿಹೇಳುವುದನ್ನೇ ನಂಬಿದ್ದರು. ಜೊತೆಗೆ ಆ 95ರ ಲೆಕ್ಕದಲ್ಲೇ ತೊಡಕಿತ್ತು. ಪ್ರತಿ ಕಾರ್ಖಾನೆ ನೂರಕ್ಕೆ 5 ಮಾತ್ರ ಬಿಟ್ಟರೂ, ಹತ್ತು ಕಾರ್ಖಾನೆ ಇದ್ದ ಕಡೆ ಇಪ್ಪತ್ತಾದರೆ ಗಾಳಿಗೆ ಹೋಗುವುದು ಎರಡು ಪಟ್ಟು ಆಗುತ್ತದೆ. ಅದಕ್ಕೇ 1874ರಲ್ಲಿ, ಒಂದು ಘನ ಅಡಿ ಹೊಗೆಯಲ್ಲಿ ಇಷ್ಟೇ ಆಸಿಡ್ ಇರಬೇಕು ಅಂತ ಬೇರೆ ಮಿತಿ ಹಾಕಬೇಕಾಯಿತು. ತಾಮ್ರ ಕರಗಿಸುವ ಕುಲುಮೆ, ಕಲ್ಲಿದ್ದಲ ಹೊಗೆ ಇವು 1863ರ ಕಾಯ್ದೆಗೆ ಸೇರಿರಲೇ ಇಲ್ಲ.

ಇನ್ನು ಲಾರ್ಡ್ ಡರ್ಬಿ. ಅವರ ನೋಸ್ಲಿ ಎಸ್ಟೇಟ್ ಇದ್ದದ್ದು ಸೇಂಟ್ ಹೆಲೆನ್ಸ್ ಪಕ್ಕದಲ್ಲೇ. ಅಲ್ಲೇ ಟಿಪ್ಪಿಂಗ್ ಅನ್ನೋ ಶ್ರೀಮಂತ ಕೊಂಡ ಎಸ್ಟೇಟಿನ ಮರಗಳನ್ನು ತಾಮ್ರದ ಹೊಗೆ ಸುಟ್ಟಿತು. ಟಿಪ್ಪಿಂಗ್ 1865ರಲ್ಲಿ ಮೇಲ್ಮನೆಯವರೆಗೆ (ಆಗ ಅದೇ ಕೊನೆಯ ಕೋರ್ಟು ಕೂಡ) ಹೋಗಿ ಗೆದ್ದರು. ಆ ತೀರ್ಪನ್ನು ನಾವು ಲಾ ಕಾಲೇಜಿನಲ್ಲಿ ಓದಿದ್ದೇವೆ. ಆಸ್ತಿಗೆ ಹಾನಿಯಾದರೆ ಪರಿಹಾರ ಕೊಡಬೇಕು, ಆದರೆ ಬರೀ ನೆಮ್ಮದಿ ಹಾಳಾದರೆ ಅದು ಎಂಥ ಊರು ಅಂತ ನೋಡಬೇಕು ಅಂತ ಅದರ ಸಾರ. ಮರವಿದ್ದವನಿಗೆ ನ್ಯಾಯ ಸಿಕ್ಕಿತು. ಕಾರ್ಖಾನೆ ಬೀದಿಯಲ್ಲಿ ಬಾಡಿಗೆ ಮನೆಯಲ್ಲಿದ್ದವನಿಗೆ, ನೀನಿರುವುದೇ ಅಂಥ ಊರು ಅಂದ ಹಾಗಾಯಿತು. ಕೆಜಿಎಫ್ ಅಕ್ಕ ಆಗಲೇ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಹಲ್ಲು ಉದುರಿದವರಿಗಾಗಿ ಆ ಕಾಯ್ದೆ ಬರಲಿಲ್ಲ.

ಇರ್ವೆಲ್ ದಂಡೆ

ಇದನ್ನು ಒಪ್ಪುತ್ತೇನೆ, ಹೊಟ್ಟೆಯೊಳಗೆ ಕಲ್ಲು ಇಟ್ಟ ಹಾಗಾಯಿತು. ಆದರೂ ಒಂದು ಮಾತು ಬಿಡಲಾರೆ. ಕಾಯ್ದೆಗೆ ಕಾರಣ ಜಮೀನ್ದಾರನ ಮರವೇ ಇರಲಿ, ಊರಿಗೆ ಸೇರದ ಒಬ್ಬ ಮನುಷ್ಯ ಬಂದು ಅಳೆದು, ಬರೆದು, ಪ್ರತಿ ವರ್ಷ ಅಚ್ಚು ಹಾಕಿಸಿದ. ಅದಾದ ಮೇಲೆ ನಮಗೆ ಗೊತ್ತೇ ಇರಲಿಲ್ಲ ಅನ್ನಲು ಯಾವ ಮೇಯರ್‌ಗೂ ಆಗಲಿಲ್ಲ.

ಹೌರಾ ಪ್ಯಾಸೆಂಜರ್

ತಡವಾಗಿ ಬಂದೆ. ಬ್ಯಾಂಕ್ ಕೆಲಸದ ಮೇಲೆ ಕೋಲ್ಕತ್ತಾದಲ್ಲಿ ಇರುವವನು. ಅದೇ 1863ರಲ್ಲಿ ಕಲ್ಕತ್ತಾ ಮತ್ತು ಹೌರಾಕ್ಕೂ ಹೊಗೆ ತಡೆಯುವ ಕಾಯ್ದೆ ಬಂದಿತ್ತು ಅಂತ ನಿಮಗೆ ಗೊತ್ತಾ? ಸೆಣಬಿನ ಮಿಲ್ಲು, ಸ್ಟೀಮರ್, ಎಲ್ಲದರ ಹೊಗೆ. ಅದು ಹೆಚ್ಚು ನಡೆಯಲಿಲ್ಲ. 1905ರಲ್ಲಿ ಹೊಸ ಬಂಗಾಳ ಕಾಯ್ದೆ ಮಾಡಿ, ಅದಕ್ಕೊಂದು ಕಮಿಷನ್, ಇನ್ಸ್‌ಪೆಕ್ಟರುಗಳನ್ನು ಇಟ್ಟರು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಗಳ ಜಾಲರಿ ಇರುವ ರಿಂಗಲ್‌ಮನ್ ಪಟ ಹಿಡಿದು ದೂರದಿಂದ ಚಿಮಣಿಯ ಹೊಗೆ ಎಷ್ಟು ಗಾಢ ಅಂತ ಹೋಲಿಸಿ ನೋಡುತ್ತಿದ್ದರು. ಬಾಂಬೆಗೆ ಇಂಥ ಕಾಯ್ದೆ ಬಂದದ್ದು 1912ರಲ್ಲಿ. ವಕೀಲೆ ಮೇಡಂ ಹೇಳಿದ "ಕಪ್ಪಲ್ಲ, ಕಂದು" ವಾದಕ್ಕೆ ಆ ಪಟ ಒಳ್ಳೆ ಉತ್ತರ.

ಬೆಳ್ಳಂದೂರು ನಿವಾಸಿ

ಎಲ್ಲ ಓದಿ ಒಂದೇ ಪ್ರಶ್ನೆ ಉಳಿಯಿತು. ಜಮೀನ್ದಾರನಿಗೆ ಮೇಲ್ಮನೆ ಇತ್ತು, ಮಾಲೀಕನಿಗೆ ಕೌನ್ಸಿಲ್ ಇತ್ತು. ಊರಿನ ಸಾಮಾನ್ಯ ಮನುಷ್ಯ ಏನಾದರೂ ಮಾಡಿದ್ದು ದಾಖಲೆಯಲ್ಲಿ ಇದೆಯಾ?

ಇರ್ವೆಲ್ ದಂಡೆ

ಒಂದಿದೆ, ನನಗೆ ಬಹಳ ಇಷ್ಟವಾದದ್ದು. ವೇಕ್‌ಫೀಲ್ಡ್ ಅಂತ ಒಂದು ಊರು, ಪಕ್ಕದಲ್ಲಿ ಕಾಲ್ಡರ್ ನದಿ. 1866ರಲ್ಲಿ ನದಿ ಕಮಿಷನ್ನಿನವರು ಆ ಕಡೆ ಬಂದಾಗ ಚಾರ್ಲ್ಸ್ ಕ್ಲೇ ಅನ್ನುವವರು ಅವರಿಗೊಂದು ಕಾಗದ ಕೊಟ್ಟರು. ಅದನ್ನು ಶಾಯಿಯಲ್ಲಿ ಬರೆದಿರಲಿಲ್ಲ. ಊರಿನ ಚರಂಡಿ ನದಿಗೆ ಸೇರುವ ಜಾಗದಲ್ಲಿ ಅವತ್ತೇ ತುಂಬಿಸಿ ತಂದ ನೀರಿನಲ್ಲಿ ಲೇಖನಿ ಅದ್ದಿ ಬರೆದಿದ್ದರು. ಇದನ್ನು ಊರಿನ ಆರೋಗ್ಯ ಮಂಡಳಿಗೆ ಅರ್ಪಿಸಿದ್ದೇನೆ, ಈ ಹಾಳೆಯ ಜೊತೆ ವಾಸನೆಯನ್ನೂ ಕಳಿಸಲು ಆಗಿದ್ದರೆ ಚೆನ್ನಾಗಿತ್ತು ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಕಮಿಷನ್ನಿನವರು 1867ರ ವರದಿಯಲ್ಲಿ ಆ ಬರಹವನ್ನು ಹಾಗೇ ಅಚ್ಚು ಹಾಕಿದರು.

ಕೆಜಿಎಫ್ ಮಗಳು

ನೀರಲ್ಲೇ ಬರೆದರಾ! ಓದಿ ಕಣ್ಣು ತುಂಬಿ ಬಂತು.

ಬೆಳ್ಳಂದೂರು ನಿವಾಸಿ

ಸರ್, ಶನಿವಾರ ಬೆಳಿಗ್ಗೆ ಕೋಡಿ ಹತ್ತಿರ ಹೋಗಿ ಒಂದು ಬಾಟಲಿ ತುಂಬಿಸಿಕೊಂಡು ಬರುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೂ ಬರುತ್ತಾರಂತೆ. ಬರೆಯಲು ಬಿದಿರು ಕಡ್ಡಿ ಚೂಪು ಮಾಡಿದರೆ ಸಾಕಾ, ಅಥವಾ ಬ್ರಷ್ ತರಬೇಕಾ?